ಗೆಡ್ಡೆಯ ಅಂಚಿಗೆ ಮುಟ್ಟಬೇಕಾದ ಇಪ್ಪತ್ತೊಂದು ಅಕ್ಷರಗಳು

ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1928ರಲ್ಲಿ ಒಂದು ವರದಿ ಪ್ರಕಟಿಸಿದರು. ಮಿದುಳಿನ ಬಲಭಾಗದಲ್ಲಿ ಗೆಡ್ಡೆ ಬೆಳೆದು, ಆಗಲೇ ಎಡಮೈ ಸ್ವಾಧೀನ ಕಳೆದುಕೊಂಡಿದ್ದ ಕೆಲವು ರೋಗಿಗಳಲ್ಲಿ ಅವರು ಗೆಡ್ಡೆಯ ಜೊತೆಗೆ ಮಿದುಳಿನ ಇಡೀ ಬಲ ಅರ್ಧಗೋಳವನ್ನೇ ತೆಗೆದುಹಾಕಿದ್ದರು. ಅದಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಊಹಿಸುವುದೂ ಕಷ್ಟ. ಆದರೂ ಕಾಯಿಲೆ ಮರಳಿತು. ಉಳಿಸಿಕೊಂಡಿದ್ದ ಇನ್ನೊಂದು ಅರ್ಧದಲ್ಲಿ ಅದು ಕಾಣಿಸಿಕೊಂಡಿತು.

ಗ್ಲಯೊಬ್ಲಾಸ್ಟೋಮಾದ ಸ್ವಭಾವ ತಿಳಿಯಲು ಈ ಒಂದು ಸಂಗತಿ ಸಾಕು. ವಯಸ್ಕರ ಮಿದುಳಿನಲ್ಲೇ ಹುಟ್ಟುವ ಮಾರಕ ಗೆಡ್ಡೆಗಳ ಪೈಕಿ ಅತ್ಯಂತ ಸಾಮಾನ್ಯವಾದದ್ದು ಇದು. ಗೆಡ್ಡೆ ಎಂದಾಕ್ಷಣ ನಮಗೆ ಒಂದು ಉಂಡೆ ಕಣ್ಣಮುಂದೆ ಬರುತ್ತದೆ. ಇಲ್ಲಿ ನಡುವೆ ದಟ್ಟವಾದ ಮುದ್ದೆಯೊಂದು ಇರುವುದು ನಿಜ. ಆದರೆ ಅದರ ಕೋಶಗಳು ನರತಂತುಗಳ ಕಟ್ಟುಗಳನ್ನೂ ರಕ್ತನಾಳಗಳ ಹೊರಮೈಯನ್ನೂ ಹಿಡಿದು ಒಂದೊಂದಾಗಿ ತೆವಳುತ್ತ, ಮುದ್ದೆಯಿಂದ ಸೆಂಟಿಮೀಟರುಗಳಷ್ಟು ಆಚೆ, ನೋಡಲು ಆರೋಗ್ಯವಾಗಿಯೇ ಕಾಣುವ ಅಂಗಾಂಶದೊಳಗೆ ಸೇರಿಕೊಂಡಿರುತ್ತವೆ. ಸ್ಕ್ಯಾನ್ ಅವುಗಳನ್ನು ತೋರಿಸುವುದಿಲ್ಲ. ಮಾತು, ನೆನಪು, ಚಲನೆಗಳನ್ನು ನಡೆಸುವ ನರಕೋಶಗಳ ನಡುವೆಯೇ ಅವು ಕೂತಿರುವುದರಿಂದ ಶಸ್ತ್ರಚಿಕಿತ್ಸಕರು ಅಲ್ಲಿ ಕತ್ತರಿಸುವಂತೆಯೂ ಇಲ್ಲ.

ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ, ಅದರ ಜೊತೆಗೆ ಟೆಮೊಝೊಲೊಮೈಡ್ ಎಂಬ ಮಾತ್ರೆ: ಇಂದಿನ ಚಿಕಿತ್ಸೆಯ ಚೌಕಟ್ಟು ಇಷ್ಟು. ಇದು ನೆಲೆಗೊಂಡದ್ದು 2005ರಲ್ಲಿ ಪ್ರಕಟವಾದ, 573 ರೋಗಿಗಳು ಪಾಲ್ಗೊಂಡಿದ್ದ ಪ್ರಯೋಗದಿಂದ. ವಿಕಿರಣ ಮಾತ್ರ ಪಡೆದವರು ಬದುಕಿದ ಅವಧಿಯ ಮಧ್ಯಾಂಕ 12.1 ತಿಂಗಳು. ಮಾತ್ರೆಯನ್ನೂ ಪಡೆದವರಲ್ಲಿ ಅದು 14.6 ತಿಂಗಳು. ಎರಡೂವರೆ ತಿಂಗಳ ಈ ಅಂತರವನ್ನು ವೈದ್ಯಲೋಕ ದೊಡ್ಡ ಮುನ್ನಡೆ ಎಂದೇ ಬರಮಾಡಿಕೊಂಡಿತು. ಅದು ಮುನ್ನಡೆಯೇ ಹೌದು. ಅಷ್ಟನ್ನೇ ಮುನ್ನಡೆ ಎನ್ನಬೇಕಾಗಿ ಬಂದದ್ದು ಈ ಕಾಯಿಲೆಯ ಕ್ರೌರ್ಯ.

ಹಾಗಾಗಿ, ಗೆಡ್ಡೆಯ ಕೋಶದೊಳಕ್ಕೇ ಹೋಗಿ, ಅದನ್ನು ಬದುಕಿಸಿರುವ ಜೀನ್ ಒಂದರ ಬಾಯಿ ಮುಚ್ಚಿಸುವ ಔಷಧವನ್ನು ನ್ಯಾನೊಕಣಗಳಲ್ಲಿ ತುಂಬಿ ಕಳುಹಿಸುತ್ತೇವೆ ಎಂದು ವಿಜ್ಞಾನಿಗಳು ಹೇಳಿದಾಗ ಕಿವಿ ನೆಟ್ಟಗಾಗುವುದು ಸಹಜ. ಇಲಿಯಲ್ಲಿ ಗೆಡ್ಡೆ ಕುಗ್ಗಿತು ಎಂಬ ಸುದ್ದಿಗಳು ಬರುತ್ತಲೇ ಇರುತ್ತವೆ. ಅಂಥ ಶೀರ್ಷಿಕೆಗಳನ್ನು ಮನೆಯವರೊಬ್ಬರ ಸ್ಕ್ಯಾನ್ ವರದಿ ಕೈಯಲ್ಲಿ ಹಿಡಿದು ಓದುವವರಿದ್ದಾರೆ ಎಂಬುದು ನೆನಪಾದಾಗ ನನಗೆ ಸಂಕಟವಾಗುತ್ತದೆ. ಈ ವಿಧಾನ ಏನು, ಅದು ಎಲ್ಲಿ ಮುಗ್ಗರಿಸುತ್ತದೆ, ಎಷ್ಟು ದೂರ ಬಂದಿದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಬಿಳಿಯಾದ ಹೂವು, ನಡುಗಿದ ಹುಳು

ಕತೆ ಶುರುವಾಗುವುದು ಹೂವಿನಿಂದ. ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಇನ್ನಷ್ಟು ಗಾಢವಾಗಿಸಲು ಸಂಶೋಧಕರು ಬಣ್ಣ ತಯಾರಿಸುವ ಜೀನ್‌ನ ಹೆಚ್ಚುವರಿ ಪ್ರತಿಯೊಂದನ್ನು ಗಿಡಕ್ಕೆ ಸೇರಿಸಿದರು. ಅರಳಿದ ಹೂವುಗಳಲ್ಲಿ ಹಲವು ಬಿಳಿಯಾಗಿದ್ದವು, ಕೆಲವದರಲ್ಲಿ ಬಿಳಿ ಪಟ್ಟೆಗಳಿದ್ದವು. ಸೇರಿಸಿದ ಜೀನ್ ತಾನೂ ಸುಮ್ಮನಾಗಿ, ಮೊದಲಿದ್ದ ಜೀನನ್ನೂ ಸುಮ್ಮನಾಗಿಸಿತ್ತು. 1990ರಲ್ಲಿ ಪ್ರಕಟವಾದ ಈ ಒಗಟು ಬಿಡಿಸಿಕೊಳ್ಳಲು ಎಂಟು ವರ್ಷ ಬೇಕಾಯಿತು.

1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರ ತಂಡ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಮೇಲೆ ಕೆಲಸ ಮಾಡುತ್ತಿತ್ತು. ಸ್ನಾಯುವಿಗೆ ಬೇಕಾದ ಒಂದು ಜೀನ್‌ಗೆ ಹೊಂದುವ ಆರ್‌ಎನ್‌ಎಯನ್ನು ಹುಳುವಿಗೆ ಚುಚ್ಚಿದರು. ಒಂಟಿ ಎಳೆಯ ಆರ್‌ಎನ್‌ಎಯಿಂದ ಹೆಚ್ಚೇನೂ ಆಗಲಿಲ್ಲ. ಎರಡೆಳೆಯನ್ನು ಜೋಡಿಸಿ ಚುಚ್ಚಿದಾಗ ಮರಿಗಳು ನಡುಗತೊಡಗಿದವು, ಆ ಜೀನೇ ಇಲ್ಲದ ಹುಳುಗಳು ನಡುಗುವ ಹಾಗೆ. ಒಂದು ಕೋಶಕ್ಕೆ ಬೆರಳೆಣಿಕೆಯಷ್ಟು ಅಣುಗಳು ದೊರೆತರೂ ಸಾಕಾಗುತ್ತಿತ್ತು. ಎಂಟೇ ವರ್ಷಗಳಲ್ಲಿ, 2006ರಲ್ಲಿ, ಇಬ್ಬರಿಗೂ ನೊಬೆಲ್ ಬಂತು.

ಆಗುತ್ತಿದ್ದದ್ದು ಇಷ್ಟು. ಜೀನ್ ಎಂಬುದು ಕೋಶಕೇಂದ್ರದಲ್ಲಿ ಭದ್ರವಾಗಿರುವ ಮೂಲಪ್ರತಿ. ಪ್ರೋಟೀನ್ ಕಟ್ಟಬೇಕಾದಾಗ ಮೂಲಪ್ರತಿ ಹೊರಗೆ ಬರುವುದಿಲ್ಲ. ಅದರ ನಕಲೊಂದು ತಯಾರಾಗಿ ಹೊರಬರುತ್ತದೆ. ಸಂದೇಶವಾಹಕ ಆರ್‌ಎನ್‌ಎ ಎಂದರೆ ಆ ನಕಲು. ಜೋಡಿ ಎಳೆಯ ಆರ್‌ಎನ್‌ಎ ಕೋಶಕ್ಕೆ ಬಂದರೆ ‘ಡೈಸರ್’ ಎಂಬ ಕಿಣ್ವ ಅದನ್ನು ಸುಮಾರು 21 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತದೆ. ಆರ್‌ಎನ್‌ಎ ಎಳೆಯಲ್ಲಿ ಸಾಲಾಗಿ ಪೋಣಿಸಿಕೊಂಡಿರುವ ರಾಸಾಯನಿಕ ಘಟಕಗಳನ್ನೇ ಇಲ್ಲಿ ಅಕ್ಷರ ಎನ್ನುತ್ತಿದ್ದೇನೆ. ‘ರಿಸ್ಕ್’ ಎಂಬ ಪ್ರೋಟೀನ್ ಕೂಟವು ಆ ತುಂಡಿನ ಒಂದೆಳೆಯನ್ನು ಎಸೆದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಎಳೆಯೇ ಅದಕ್ಕೆ ಗುರುತಿನ ಚೀಟಿ. ಚೀಟಿಗೆ ಅಕ್ಷರ ಅಕ್ಷರವಾಗಿ ಹೊಂದುವ ನಕಲು ಎದುರಾದರೆ ಕೂಟದಲ್ಲಿರುವ ಆರ್ಗೊನಾಟ್ ಎಂಬ ಪ್ರೋಟೀನ್ ಅದನ್ನು ನಡುವೆ ತುಂಡರಿಸುತ್ತದೆ. ಆ ನಕಲಿನಿಂದ ಇನ್ನು ಪ್ರೋಟೀನ್ ಹುಟ್ಟುವುದಿಲ್ಲ. ಚೀಟಿ ಮಾತ್ರ ಹಾಗೇ ಉಳಿಯುತ್ತದೆ, ಮುಂದಿನ ನಕಲಿಗೂ ಅದರ ಮುಂದಿನದಕ್ಕೂ ಕಾಯುತ್ತದೆ. ಅಷ್ಟು ಕಡಿಮೆ ಅಣುಗಳಿಂದ ಅಷ್ಟು ದೊಡ್ಡ ಪರಿಣಾಮ ಉಂಟಾದದ್ದರ ಗುಟ್ಟು ಇದೇ.

ಇಲ್ಲೊಂದು ಗೊಂದಲವನ್ನು ಮೊದಲೇ ಬಗೆಹರಿಸಬೇಕು. ಇದು ಜೀನ್ ತಿದ್ದುವ ಕ್ರಿಸ್ಪರ್ ತಂತ್ರವಲ್ಲ. ಮೂಲಪ್ರತಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಔಷಧ ಮುಗಿದ ಮೇಲೆ ಜೀನ್ ಮತ್ತೆ ಮಾತಾಡತೊಡಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯದು. ಬಿಡುವಿಲ್ಲದೆ ವಿಭಜಿಸುವ ಕ್ಯಾನ್ಸರ್ ಕೋಶದ ವಿಷಯದಲ್ಲಿ ಇದೇ ತೊಡಕು, ಏಕೆಂದರೆ ಒಂದು ಕೋಶ ಎರಡಾದಾಗ ಅದರೊಳಗಿನ ಔಷಧವೂ ಹಂಚಿಹೋಗುತ್ತದೆ. ಮತ್ತೆ ಮತ್ತೆ ಕೊಡುತ್ತಿರಬೇಕು.

ಮನುಷ್ಯರ ಕೋಶಗಳಿಗೆ ಉದ್ದನೆಯ ಜೋಡಿ ಎಳೆ ಕೊಟ್ಟರೆ ಅವು ವೈರಸ್ ನುಗ್ಗಿತೆಂದು ತಿಳಿದು ಇಂಟರ್‌ಫೆರಾನ್ ಸುರಿಸುತ್ತವೆ. ಡೈಸರ್ ಮಾಡುವ ಕೆಲಸವನ್ನು ನಾವೇ ಮಾಡಿ, 21 ಅಕ್ಷರಗಳ ಸಿದ್ಧ ತುಂಡುಗಳನ್ನೇ ಕೊಟ್ಟರೆ ಆ ಗಲಾಟೆಯಿಲ್ಲದೆ ಜೀನ್ ಸುಮ್ಮನಾಗುತ್ತದೆ ಎಂದು 2001ರಲ್ಲಿ ಥಾಮಸ್ ಟುಶ್ಲ್ ಅವರ ತಂಡ ತೋರಿಸಿತು. ಔಷಧದ ದಾರಿ ತೆರೆದದ್ದು ಆಗ. ಈ ಕಿರು ತುಂಡುಗಳಿಗೆ ಎಸ್‌ಐಆರ್‌ಎನ್‌ಎ ಎಂದು ಹೆಸರು. ನಾನು ಕಿರು ಆರ್‌ಎನ್‌ಎ ಎನ್ನುತ್ತೇನೆ.

ಕ್ಯಾನ್ಸರ್ ತಜ್ಞರಿಗೆ ಇದರ ಮೇಲೆ ಅಷ್ಟು ಆಸೆ ಏಕೆ? ಮಾಮೂಲಿ ಔಷಧವೊಂದು ಕೆಲಸ ಮಾಡಬೇಕಾದರೆ ಗುರಿಯ ಪ್ರೋಟೀನ್‌ನಲ್ಲಿ ಅದು ಕೂರಲು ಒಂದು ಕುಳಿ ಬೇಕು. ಬಹಳಷ್ಟು ಪ್ರೋಟೀನ್‌ಗಳಲ್ಲಿ ಅಂಥ ಕುಳಿಯೇ ಇರುವುದಿಲ್ಲ. ಗ್ಲಯೊಬ್ಲಾಸ್ಟೋಮಾದ ಕೋಶಗಳಲ್ಲಿ ಕಾಂಡಕೋಶಗಳಂತೆ ವರ್ತಿಸುವ ಒಂದು ಗುಂಪಿದೆ. ಗೆಡ್ಡೆಯನ್ನು ಮತ್ತೆ ಕಟ್ಟುವ ಶಕ್ತಿ ಅವಕ್ಕಿದೆ. ಅವುಗಳ ಗುಣವನ್ನು ಹಿಡಿದಿಟ್ಟಿರುವ ಸಾಕ್ಸ್2, ಆಲಿಗ್2ನಂಥ ನಿಯಂತ್ರಕ ಪ್ರೋಟೀನ್‌ಗಳು ಇಂಥ ಕೈಗೆ ಸಿಗದ ಜಾತಿಗೆ ಸೇರಿದವು. ಕಿರು ಆರ್‌ಎನ್‌ಎಗೆ ಕುಳಿ ಬೇಕಿಲ್ಲ, ಅಕ್ಷರಗಳು ಗೊತ್ತಿದ್ದರೆ ಸಾಕು. ನಾಲ್ಕು ಅಕ್ಷರಗಳಿಂದ 21 ಅಕ್ಷರಗಳ ಸಾಲುಗಳನ್ನು ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ ಬರೆಯಬಹುದು. ಯಾವ ಜೀನ್ ಬೇಕೋ ಅದಕ್ಕೆ ತಕ್ಕ ಸಾಲು ಬರೆಯಬಹುದು. ಎರಡು ಮೂರು ಜೀನ್‌ಗಳ ಸಾಲುಗಳನ್ನು ಒಂದೇ ಕಣದಲ್ಲಿ ತುಂಬಲೂಬಹುದು. ಸಾಲಿನ ಆರಂಭದ ಏಳೆಂಟು ಅಕ್ಷರಗಳು ಬೇರೊಂದು ಜೀನ್‌ನ ನಕಲಿಗೆ ಹೊಂದಿಕೊಂಡರೆ ಅದೂ ಒಂದಿಷ್ಟು ಕುಗ್ಗುತ್ತದೆ ಎಂಬ ಅಪಾಯ ಇದ್ದೇ ಇದೆ. ಅದನ್ನು ಮೊದಲೇ ಹುಡುಕಿ ತಪ್ಪಿಸುವ ವಿಧಾನಗಳೂ ಇವೆ.

ಹೀಗೆ, ಏನು ಬರೆಯಬೇಕು ಎಂಬುದು ಇಂದು ಅಷ್ಟು ದೊಡ್ಡ ಸಮಸ್ಯೆಯಲ್ಲ. ಬರೆದದ್ದನ್ನು ಮುಟ್ಟಿಸುವುದು ಹೇಗೆ ಎಂಬುದು ಸಮಸ್ಯೆ.

ಬೆತ್ತಲೆ ಆರ್‌ಎನ್‌ಎ ಎಲ್ಲಿಗೂ ಹೋಗುವುದಿಲ್ಲ

ಕಿರು ಆರ್‌ಎನ್‌ಎಯನ್ನು ಹಾಗೇ ರಕ್ತಕ್ಕೆ ಸೇರಿಸಿದರೆ ಏನಾಗುತ್ತದೆ? ರಕ್ತದಲ್ಲಿ ಆರ್‌ಎನ್‌ಎಯನ್ನು ಕಡಿಯುವ ಕಿಣ್ವಗಳು ತುಂಬಿವೆ, ಅವು ಅದನ್ನು ಚೂರು ಮಾಡುತ್ತವೆ. ಉಳಿದದ್ದನ್ನು ಮೂತ್ರಪಿಂಡ ನಿಮಿಷಗಳಲ್ಲಿ ಸೋಸಿ ಹೊರಹಾಕುತ್ತದೆ. ಇದರಿಂದಲೂ ಪಾರಾದದ್ದು ಕೋಶದ ಬಾಗಿಲಲ್ಲಿ ನಿಲ್ಲುತ್ತದೆ: ಅದರ ತೂಕ ಸುಮಾರು 13,000 ಡಾಲ್ಟನ್ (ಅಣುಗಳ ತೂಕದ ಮಾನ), ಮೈತುಂಬ ಋಣ ವಿದ್ಯುದಂಶ, ಎದುರಿಗೆ ಕೊಬ್ಬಿನ ಪೊರೆ. ಎರಡಕ್ಕೂ ಹೊಂದಿಕೆಯಿಲ್ಲ.

ಅದಕ್ಕೇ ಕಣ ಬೇಕು. ಇಲ್ಲಿ ಮಾತಾಡುತ್ತಿರುವ ಕಣಗಳು ಬಹುಪಾಲು ಹತ್ತರಿಂದ ನೂರು ನ್ಯಾನೊಮೀಟರ್ ಅಳತೆಯವು. ತಲೆಗೂದಲಿನ ಅಡ್ಡಗಲದಲ್ಲಿ ನೂರು ನ್ಯಾನೊಮೀಟರಿನ ಕಣಗಳನ್ನು ಸಾಲಾಗಿ ಇಟ್ಟರೆ ಸುಮಾರು ಎಂಟುನೂರು ಹಿಡಿಸುತ್ತವೆ. ಕೆಲವು ಕಣಗಳು ಕೊಬ್ಬಿನಿಂದಾದವು, ಕೆಲವು ಪಾಲಿಮರ್‌ನವು, ಇನ್ನು ಕೆಲವದರ ನಡುವೆ ಚಿನ್ನದ ಅಥವಾ ಕಬ್ಬಿಣದ ಆಕ್ಸೈಡ್‌ನ ತಿರುಳಿರುತ್ತದೆ. ಕೊಬ್ಬಿನ ಕಣಗಳು ಈಗ ಎಲ್ಲರಿಗೂ ಪರಿಚಿತ, ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಬಂದದ್ದು ಅವುಗಳೊಳಗೆ. ಅದಕ್ಕೂ ಮೊದಲು, 2018ರಲ್ಲಿ, ಅದೇ ಬಗೆಯ ಕಣದಲ್ಲಿ ಪ್ಯಾಟಿಸಿರಾನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಮೊತ್ತಮೊದಲ ಕಿರು ಆರ್‌ಎನ್‌ಎ ಔಷಧ ಅದು. ಅದು ಗುರಿಯಿಟ್ಟದ್ದು ಯಕೃತ್ತಿನಲ್ಲಿ ತಯಾರಾಗುವ ಒಂದು ಪ್ರೋಟೀನ್‌ಗೆ.

ಯಕೃತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ರಕ್ತಕ್ಕೆ ಬಿದ್ದ ಕೊಬ್ಬಿನ ಕಣಕ್ಕೆ ಕೆಲವೇ ಕ್ಷಣಗಳಲ್ಲಿ ರಕ್ತದ ಪ್ರೋಟೀನ್‌ಗಳು ಅಂಟಿಕೊಳ್ಳುತ್ತವೆ. ಅವುಗಳಲ್ಲೊಂದಾದ ಎಪೊಇ ನೇರವಾಗಿ ಯಕೃತ್ತಿನ ಕೋಶಗಳ ವಿಳಾಸ. ಅಂದರೆ ಕಣವನ್ನು ಯಕೃತ್ತಿಗೆ ದೇಹವೇ ಹೊತ್ತೊಯ್ಯುತ್ತದೆ. ಯಕೃತ್ತಿನ ಕಾಯಿಲೆಗಳಲ್ಲಿ ಈ ತಂತ್ರ ಒಂದರ ಹಿಂದೊಂದು ಗೆಲುವು ಕಂಡದ್ದಕ್ಕೂ, ಬೇರೆ ಅಂಗಗಳಲ್ಲಿ ಒದ್ದಾಡುತ್ತಿರುವುದಕ್ಕೂ ಕಾರಣ ಒಂದೇ. ಪ್ರಾಣಿಗಳಲ್ಲಿ ಗೆಡ್ಡೆಗೆಂದು ಕಳುಹಿಸಿದ ನಾನಾ ಬಗೆಯ ನ್ಯಾನೊಕಣಗಳ ಹತ್ತು ವರ್ಷಗಳ ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಕೊಟ್ಟ ಪ್ರಮಾಣದಲ್ಲಿ ಗೆಡ್ಡೆ ಮುಟ್ಟಿದ್ದರ ಮಧ್ಯಾಂಕ 0.7 ಶೇಕಡಾ. ಅದೂ ದೇಹದ ಎಲ್ಲ ಬಗೆಯ ಗಟ್ಟಿ ಗೆಡ್ಡೆಗಳನ್ನು ಸೇರಿಸಿ. ಮಿದುಳಿಗೆ ಇನ್ನೂ ಒಂದು ಕೋಟೆಯಿದೆ.

ಬಣ್ಣ ಹತ್ತದ ಮಿದುಳು

1885ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಸೇರಿಸಿ ನೋಡುತ್ತಿದ್ದರು. ದೇಹದ ಅಂಗಗಳೆಲ್ಲ ಬಣ್ಣಗೊಂಡವು, ಮಿದುಳು ಮಾತ್ರ ಬಿಳುಚಾಗಿಯೇ ಉಳಿಯಿತು. ಮಿದುಳಿಗೆ ಆ ಬಣ್ಣವನ್ನು ಹಿಡಿದುಕೊಳ್ಳುವ ಗುಣವೇ ಇಲ್ಲ ಎಂದು ಅವರು ತಿಳಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ರಕ್ತಕ್ಕೆ ಬದಲು ಮಿದುಳನ್ನು ಸುತ್ತುವರಿದ ದ್ರವಕ್ಕೇ ಸೇರಿಸಿದರು. ಈಗ ಮಿದುಳು ಬಣ್ಣಗೊಂಡಿತು, ಉಳಿದ ದೇಹ ಹಾಗೇ ಉಳಿಯಿತು. ಗುರುವಿನ ಊಹೆ ಬಿದ್ದುಹೋಯಿತು. ರಕ್ತಕ್ಕೂ ಮಿದುಳಿಗೂ ನಡುವೆ ಏನೋ ಒಂದು ತಡೆಯಿದೆ ಎಂಬುದು ಗಟ್ಟಿಯಾಯಿತು.

ಆ ತಡೆ ಗೋಡೆಯಂತೆ ಒಂದೆಡೆ ನಿಂತಿಲ್ಲ. ಮಿದುಳಿನ ಲೋಮನಾಳಗಳನ್ನೆಲ್ಲ ಬಿಡಿಸಿ ಒಂದರ ತುದಿಗೊಂದು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ. ಅಷ್ಟುದ್ದದ ಒಳಮೈಯೇ ಆ ತಡೆ. ದೇಹದ ಬೇರೆಡೆ ಲೋಮನಾಳದ ಕೋಶಗಳ ನಡುವೆ ಸಂದುಗಳಿರುತ್ತವೆ. ಮಿದುಳಿನಲ್ಲಿ ಅವು ಒಂದಕ್ಕೊಂದು ಬಿಗಿಯಾಗಿ ಹೊಲಿದಂತೆ ಸೇರಿಕೊಂಡಿವೆ. ನುಸುಳಬೇಕೆಂದರೆ ಅಣು ಚಿಕ್ಕದಾಗಿರಬೇಕು, ಸಾಮಾನ್ಯವಾಗಿ 400ರಿಂದ 500 ಡಾಲ್ಟನ್ನಿನೊಳಗೆ, ಕೊಬ್ಬಿನಲ್ಲಿ ಕರಗುವಂತೆಯೂ ಇರಬೇಕು. ಹಾಗಿದ್ದೂ ಒಳನುಗ್ಗಿದ ಹಲವು ಔಷಧಗಳನ್ನು ಗೋಡೆಯಲ್ಲೇ ಇರುವ ಪಂಪುಗಳು ಮರಳಿ ರಕ್ತಕ್ಕೆ ತಳ್ಳುತ್ತವೆ. 13,000 ಡಾಲ್ಟನ್ನಿನ ಕಿರು ಆರ್‌ಎನ್‌ಎಗೆ ಇಲ್ಲಿ ದಾರಿಯೇ ಇಲ್ಲ.

ಈ ಹಂತದಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ. ಗೆಡ್ಡೆಯೊಳಗಿನ ರಕ್ತನಾಳಗಳು ಸೋರುತ್ತವಲ್ಲ, ಅಲ್ಲಿ ತಡೆ ಮುರಿದಿದೆಯಲ್ಲ ಎಂದು. ಅದು ಅರ್ಧ ನಿಜ, ಮತ್ತು ಈ ಕ್ಷೇತ್ರದ ಅತಿದೊಡ್ಡ ದಾರಿ ತಪ್ಪಿಸುವಿಕೆ ಆ ಅರ್ಧದಲ್ಲೇ ಇದೆ ಎಂಬುದು ನನ್ನ ನಂಬಿಕೆ. ಎಂಆರ್‌ಐ ಮಾಡುವಾಗ ಚುಚ್ಚುವ ಗ್ಯಾಡೊಲಿನಿಯಮ್ ದ್ರಾವಣ ತಡೆ ಮುರಿದ ಜಾಗದಲ್ಲಿ ಸೋರಿ ಬೆಳ್ಳಗೆ ಹೊಳೆಯುತ್ತದೆ. ನಾವು ಗೆಡ್ಡೆ ಎಂದು ಬೆರಳಿಟ್ಟು ತೋರಿಸುವುದು ಆ ಹೊಳಪನ್ನು. ಶಸ್ತ್ರಚಿಕಿತ್ಸಕರು ತೆಗೆಯುವುದೂ ಅದನ್ನೇ. ಹೊಳೆಯದೆ ಉಳಿದ ಅಂಚಿನಲ್ಲಿ, ತೆವಳಿ ಹೋದ ಕೋಶಗಳ ಸುತ್ತ, ತಡೆ ಬಹುಪಾಲು ಗಟ್ಟಿಮುಟ್ಟಾಗಿಯೇ ಇದೆ. ಕಾಯಿಲೆ ಮರಳುವುದು ಅಲ್ಲಿಂದ. ಸೋರುವ ನಾಳಗಳನ್ನೇ ನಂಬಿದ ಕಣ ಹೇಗೂ ಕತ್ತರಿಸಿ ತೆಗೆಯಲಿರುವ ಜಾಗಕ್ಕೆ ಔಷಧ ಸುರಿಯುತ್ತದೆ.

ಪ್ರಯೋಗಾಲಯದ ಇಲಿಗಳೂ ಈ ಮರೆವಿಗೆ ನೆರವಾಗುತ್ತವೆ. ಬಹಳ ಪ್ರಯೋಗಗಳಲ್ಲಿ ಬಳಸುವ ಯು87 ಎಂಬ ಕೋಶಗಳನ್ನು ಇಲಿಯ ಮಿದುಳಿಗೆ ಸೇರಿಸಿದರೆ ಅವು ಅಂಚು ತಿದ್ದಿದ ಉಂಡೆಯಾಗಿ ಬೆಳೆಯುತ್ತವೆ, ಮನುಷ್ಯರಲ್ಲಿನಂತೆ ಚದುರುವುದಿಲ್ಲ. ಆ ಉಂಡೆ ಕರಗಿದ್ದನ್ನು ನೋಡಿ ಕೊಂಡಾಡುವ ಮುನ್ನ, ಯಾವ ಕೋಶ, ಎಂಥ ಗೆಡ್ಡೆ ಎಂದು ಕೇಳುವುದು ಒಳ್ಳೆಯದು.

ಬಿಗಿಯಾಗಿ ಹಿಡಿದವನು ದಾಟುವುದಿಲ್ಲ

ತಡೆಯಿದ್ದರೂ ಮಿದುಳಿಗೆ ಕಬ್ಬಿಣ ಬೇಕು, ಇನ್ಸುಲಿನ್ ಬೇಕು, ಹಲವು ಪ್ರೋಟೀನ್‌ಗಳು ಬೇಕು. ಅವನ್ನು ಒಳಗೆ ಕರೆದೊಯ್ಯಲು ನಾಳದ ಕೋಶಗಳ ಮೇಲೆ ಗ್ರಾಹಕಗಳಿವೆ. ರಕ್ತದಲ್ಲಿ ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್ ಬಂದು ತನ್ನ ಗ್ರಾಹಕಕ್ಕೆ ಕೂಡಿದರೆ, ಪೊರೆ ಒಳಕ್ಕೆ ಮಡಚಿ ಚೀಲವಾಗುತ್ತದೆ. ಆ ಚೀಲ ಕೋಶವನ್ನು ದಾಟಿ ಮಿದುಳಿನ ಬದಿಯಲ್ಲಿ ಸರಕನ್ನು ಇಳಿಸುತ್ತದೆ. ಈ ದಾರಿಯಲ್ಲಿ ಸವಾರಿ ಮಾಡುವುದು ಹೆಚ್ಚಿನ ನ್ಯಾನೊಕಣಗಳ ಉಪಾಯ. ಕಣದ ಮೈಗೆ ಟ್ರಾನ್ಸ್‌ಫೆರಿನ್ ಅಥವಾ ಅದರ ಗ್ರಾಹಕವನ್ನು ಹಿಡಿಯುವ ಪ್ರತಿಕಾಯ ಅಂಟಿಸುತ್ತಾರೆ. ಆಂಜಿಯೊಪೆಪ್-2 ಎಂಬ ಕಿರು ಪೆಪ್ಟೈಡ್ ಎಲ್‌ಆರ್‌ಪಿ1 ಎಂಬ ಇನ್ನೊಂದು ಗ್ರಾಹಕವನ್ನು ಹಿಡಿಯುತ್ತದೆ. ಈ ಎರಡೂ ಗ್ರಾಹಕಗಳು ಗ್ಲಯೊಮಾ (ಗ್ಲಯೊಬ್ಲಾಸ್ಟೋಮಾ ಸೇರಿರುವ ಗೆಡ್ಡೆಗಳ ಗುಂಪು) ಕೋಶಗಳ ಮೇಲೂ ಹೇರಳವಾಗಿರುವುದರಿಂದ ಒಂದೇ ಕೈ ಎರಡು ಬಾಗಿಲು ತಟ್ಟಬಹುದು ಎಂಬ ಆಸೆ.

ಹಿಡಿತ ಬಿಗಿಯಾದಷ್ಟೂ ಒಳ್ಳೆಯದು ಎಂದೇ ಮೊದಮೊದಲು ಎಲ್ಲರೂ ನಂಬಿದ್ದರು. 2011ರಲ್ಲಿ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು ಹಿಡಿಯುವ ಪ್ರತಿಕಾಯಗಳ ಮೇಲೆ ನಡೆದ ಕೆಲಸ ಈ ನಂಬಿಕೆಯನ್ನು ತಿರುಗಿಸಿಹಾಕಿತು. ಬಿಗಿಯಾಗಿ ಹಿಡಿದವು ನಾಳದ ಗೋಡೆಯಲ್ಲೇ ಸಿಕ್ಕಿಕೊಂಡವು. ಸಡಿಲವಾಗಿ ಹಿಡಿದವು ಆಚೆ ಬದಿಗೆ ಹೋದಾಗ ಕೈಬಿಟ್ಟು ಮಿದುಳಿನೊಳಕ್ಕೆ ಹರಡಿದವು. ಎರಡು ವರ್ಷಗಳ ಬಳಿಕ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಸಂಶೋಧಕರು ಚಿನ್ನದ ನ್ಯಾನೊಕಣಗಳಲ್ಲೂ ಇದನ್ನೇ ಕಂಡರು: ಕಣದ ಮೈಮೇಲೆ ಟ್ರಾನ್ಸ್‌ಫೆರಿನ್ ತೀರಾ ಕಡಿಮೆಯಿದ್ದರೆ ಗ್ರಾಹಕ ಹಿಡಿಯುವುದಿಲ್ಲ, ತೀರಾ ಹೆಚ್ಚಿದ್ದರೆ ಬಿಡುವುದಿಲ್ಲ, ನಡುವಿನ ಪ್ರಮಾಣದವು ಮಾತ್ರ ದಾಟುತ್ತವೆ. ಆಮೇಲೆ ಅದೇ ತಂಡ, ಚೀಲದೊಳಗಿನ ಹುಳಿಗೆ ತಾನಾಗಿ ಕಡಿದುಹೋಗುವ ಕೊಂಡಿಯಿಂದ ಟ್ರಾನ್ಸ್‌ಫೆರಿನನ್ನು ಕಣಕ್ಕೆ ಜೋಡಿಸಿ, ಬಿಗಿ ಹಿಡಿತವನ್ನೂ ಬಿಡುಗಡೆಯನ್ನೂ ಒಟ್ಟಿಗೆ ಸಾಧಿಸಲು ನೋಡಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಇನ್ನಷ್ಟು ಅಂಟು ಹಚ್ಚೋಣ ಎನ್ನುವ ಬದಲು, ಎಲ್ಲಿ ಬಿಡಬೇಕು ಎಂದು ಇಲ್ಲಿ ಯೋಚಿಸಿದ್ದಾರೆ.

ದಾಟಿದ ಮೇಲೂ ಮಿದುಳಿನ ಕೋಶಗಳ ನಡುವಿನ ಸಂದುಗಳು ಬಲು ಇಕ್ಕಟ್ಟು. ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಜಾರುವ ಪಾಲಿಮರನ್ನು ಮೈತುಂಬ ದಟ್ಟವಾಗಿ ಹೊದಿಸಿದರೆ 114 ನ್ಯಾನೊಮೀಟರ್ ಗಾತ್ರದ ಕಣವೂ ಅಲ್ಲಿ ಸರಿದಾಡುತ್ತದೆ ಎಂದು 2012ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ತೋರಿಸಿದರು. ಹೊದಿಕೆ ಇಲ್ಲದ್ದು ಅಲ್ಲೇ ಅಂಟಿ ನಿಲ್ಲುತ್ತದೆ.

ಗೆಡ್ಡೆಯ ಕೋಶವನ್ನೇ ಹುಡುಕಿ ಹಿಡಿಯಲು ಇನ್ನೂ ವಿಶಿಷ್ಟವಾದ ಕೈಗಳಿವೆ. ಅವುಗಳಲ್ಲೊಂದು ಬಂದದ್ದು ಚೇಳಿನ ವಿಷದಿಂದ. ಮರಳುಗಾಡಿನ ಚೇಳೊಂದರ ವಿಷದಲ್ಲಿರುವ 36 ಅಮೈನೊ ಆಮ್ಲಗಳ ಕ್ಲೋರೊಟಾಕ್ಸಿನ್ ಗ್ಲಯೊಮಾ ಕೋಶಗಳಿಗೆ ಅಂಟುತ್ತದೆ, ಆರೋಗ್ಯವಂತ ಮಿದುಳಿನ ಕೋಶಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಿಕಿನ್ ಝಾಂಗ್ ಅವರ ತಂಡ ಕಬ್ಬಿಣದ ಆಕ್ಸೈಡ್ ಕಣಗಳಿಗೆ ಇದನ್ನು ಜೋಡಿಸಿ ಕಿರು ಆರ್‌ಎನ್‌ಎ ಸಾಗಿಸಿದೆ. ತಿರುಳು ಕಬ್ಬಿಣದ್ದಾದ್ದರಿಂದ ಕಣ ಎಲ್ಲಿದೆ ಎಂದು ಎಂಆರ್‌ಐಯಲ್ಲೂ ಕಾಣುತ್ತದೆ. ಆದರೂ ಒಂದೇ ಗುರುತನ್ನು ನಂಬಿಕೊಂಡರೆ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಒಬ್ಬರದೇ ಗೆಡ್ಡೆಯಲ್ಲಿ ಪಕ್ಕಪಕ್ಕದ ಕೋಶಗಳೂ ಒಂದೇ ಗ್ರಾಹಕವನ್ನು ಹೊತ್ತಿರುವುದಿಲ್ಲ.

ರಕ್ತದ ದಾರಿಯನ್ನೇ ಬಿಟ್ಟು ಸಾಗುವವರೂ ಇದ್ದಾರೆ. ತಲೆಬುರುಡೆಯ ಮೂಲಕ ತೆಳು ನಳಿಗೆ ಇಳಿಸಿ ನಿಧಾನವಾಗಿ ಒತ್ತಡದಿಂದ ಔಷಧ ಹರಿಸುವುದು ಒಂದು ದಾರಿ. ರಕ್ತದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಹರಿಯಬಿಟ್ಟು, ಶ್ರವಣಾತೀತ ಶಬ್ದದ ಅಲೆಗಳಿಂದ ಅವುಗಳನ್ನು ಕಂಪಿಸಿ, ನಾಳಗಳ ಬಿಗಿ ಹೊಲಿಗೆಯನ್ನು ಕೆಲವು ಗಂಟೆ ಸಡಿಲಿಸುವುದು ಇನ್ನೊಂದು. ಮನುಷ್ಯರಲ್ಲಿ ಇದನ್ನು ಮಾಡಿ ನೋಡಿಯಾಗಿದೆ, ತಡೆ ತೆರೆದು ಮತ್ತೆ ಮುಚ್ಚಿಕೊಂಡಿದೆ. ಹೊಳೆಯದ ಅಂಚಿಗೂ ಗುರಿಯಿಡಬಹುದಾದ ಕಾರಣ, ನ್ಯಾನೊಕಣಗಳಿಗೆ ಇದೇ ಒಳ್ಳೆಯ ಜೊತೆಗಾರ ಎನ್ನುವವರ ಮಾತಿನಲ್ಲಿ ಹುರುಳಿದೆ.

ಚೀಲದೊಳಗಿನ ಸಾವು

ಇಷ್ಟೆಲ್ಲ ದಾಟಿ ಕಣ ಕ್ಯಾನ್ಸರ್ ಕೋಶದ ಒಳಗೆ ಬಂತು ಎಂದುಕೊಳ್ಳೋಣ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಕೋಶವೆಲ್ಲ ಹೊಳೆಯುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುವುದೂ ಆ ಚಿತ್ರವೇ. ಆದರೆ ಕಣ ಇನ್ನೂ ಎಂಡೊಸೋಮ್ ಎಂಬ ಚೀಲದೊಳಗೆ ಬಂದಿಯಾಗಿದೆ. ಆ ಚೀಲ ನಿಧಾನವಾಗಿ ಹುಳಿಯಾಗುತ್ತ ಕೊನೆಗೆ ಎಲ್ಲವನ್ನೂ ಜೀರ್ಣಿಸುವ ಲೈಸೊಸೋಮ್ ಜೊತೆ ಸೇರುತ್ತದೆ. ನಕಲುಗಳನ್ನು ಕತ್ತರಿಸುವ ರಿಸ್ಕ್ ಕೂಟ ಇರುವುದು ಚೀಲದ ಹೊರಗೆ.

ಹುಳಿಯನ್ನೇ ಬಳಸಿಕೊಳ್ಳುವುದು ಇದಕ್ಕೆ ಕಂಡುಕೊಂಡ ಪರಿಹಾರ. ಕಣದಲ್ಲಿನ ಕೆಲವು ಕೊಬ್ಬಿನ ಅಣುಗಳು ರಕ್ತದಲ್ಲಿ ತಟಸ್ಥವಾಗಿದ್ದು, ಹುಳಿ ಹೆಚ್ಚಿದಾಗ ಧನ ವಿದ್ಯುದಂಶ ಪಡೆಯುವಂತೆ ರೂಪಿಸುತ್ತಾರೆ. ಚೀಲದ ಪೊರೆ ಋಣ ವಿದ್ಯುದಂಶದ್ದು. ಎರಡೂ ಸೆಳೆದು ಬೆಸೆದು, ಪೊರೆ ಹರಿದು, ಒಳಗಿದ್ದದ್ದು ಹೊರಬೀಳುತ್ತದೆ. ಎಷ್ಟು ಹೊರಬೀಳುತ್ತದೆ? ಕೊಬ್ಬಿನ ಕಣಗಳನ್ನು ಹಿಂಬಾಲಿಸಿ 2013ರಲ್ಲಿ ಎಣಿಸಿದವರಿಗೆ ಸಿಕ್ಕ ಉತ್ತರ ಶೇಕಡಾ ಒಂದರಿಂದ ಎರಡು ಮಾತ್ರ. ಕೊಟ್ಟ ಔಷಧದಲ್ಲಿ ಗೆಡ್ಡೆ ಮುಟ್ಟಿದ ಅಲ್ಪ ಪಾಲು, ಆ ಪಾಲಿನಲ್ಲಿ ಕೋಶ ಸೇರಿದ್ದು, ಕೋಶ ಸೇರಿದ್ದರಲ್ಲಿ ಚೀಲ ದಾಟಿದ್ದು. ಒಂದೊಂದು ಹೆಜ್ಜೆಗೂ ಗುಣಿಸುತ್ತ ಹೋದರೆ, ಬೆರಳೆಣಿಕೆಯ ಅಣುಗಳಲ್ಲೇ ಕೆಲಸ ಮುಗಿಸುವ ಆ ಹುಳುವಿನ ಪ್ರಯೋಗ ಏಕೆ ಇಷ್ಟು ಭರವಸೆ ಕೊಟ್ಟಿತು ಎಂಬುದು ಅರ್ಥವಾಗುತ್ತದೆ. ದಾರಿಯಲ್ಲಿ ಇಷ್ಟು ಸೋರಿದ ಮೇಲೂ ಒಂದು ಅವಕಾಶ ಉಳಿಯುವುದು ಒಂದೇ ಚೀಟಿ ಹಲವು ನಕಲುಗಳನ್ನು ಕಡಿಯಬಲ್ಲದು ಎಂಬ ಕಾರಣಕ್ಕೆ.

ಆದ್ದರಿಂದ ಸುದ್ದಿಯೊಂದನ್ನು ಓದುವಾಗ ಹೊಳೆಯುವ ಚಿತ್ರಕ್ಕಿಂತ ಒಂದು ಪ್ರಶ್ನೆಯೇ ಮುಖ್ಯ: ಗುರಿಯ ನಕಲು ನಿಜಕ್ಕೂ ಕತ್ತರಿಸಲ್ಪಟ್ಟಿತೇ? ಕತ್ತರಿಸಿದ ಜಾಗವನ್ನು ಅಕ್ಷರದ ಲೆಕ್ಕದಲ್ಲಿ ಗುರುತಿಸಬಹುದು. ಕ್ಯಾಲ್ಟೆಕ್‌ನ ಮಾರ್ಕ್ ಡೇವಿಸ್ ಅವರ ತಂಡ 2010ರಲ್ಲಿ ಚರ್ಮದ ಕ್ಯಾನ್ಸರ್ ಆದ ಮೆಲನೋಮಾದ ರೋಗಿಗಳಲ್ಲಿ ಇದನ್ನೇ ಮಾಡಿತು. ರಕ್ತಕ್ಕೆ ಕೊಟ್ಟ ನ್ಯಾನೊಕಣ ಗೆಡ್ಡೆ ತಲುಪಿ, ಸರಿಯಾಗಿ ಅದೇ ಅಕ್ಷರಗಳ ನಡುವೆ ನಕಲು ತುಂಡಾಗಿದೆ ಎಂದು ಮನುಷ್ಯರಲ್ಲಿ ಮೊದಲ ಬಾರಿಗೆ ತೋರಿಸಿತು.

ಎಂಟು ಮಂದಿ

ಮಿದುಳಿನ ವಿಷಯದಲ್ಲಿ ಆ ಹೆಜ್ಜೆಗೆ ಹತ್ತಿರವಾದದ್ದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೆಲಸ. ಅಲ್ಲಿನ ಚಾಡ್ ಮಿರ್ಕಿನ್ ಅವರು ರೂಪಿಸಿದ್ದ ಕಣದಲ್ಲಿ ನಡುವೆ 13 ನ್ಯಾನೊಮೀಟರ್‌ನ ಚಿನ್ನದ ಗುಂಡು, ಅದರ ಸುತ್ತ ಕದಂಬದ ಹೂವಿನ ಎಸಳುಗಳಂತೆ ಎಲ್ಲ ದಿಕ್ಕಿಗೂ ನಿಂತ ಕಿರು ಆರ್‌ಎನ್‌ಎಗಳು. ಇಲ್ಲಿ ಆರ್‌ಎನ್‌ಎಯನ್ನು ಒಳಗೆ ಬಚ್ಚಿಟ್ಟಿಲ್ಲ, ಅದೇ ಹೊರಮೈ. ಹೀಗೆ ದಟ್ಟವಾಗಿ ನಿಂತ ಎಳೆಗಳನ್ನು ಕೋಶಗಳ ಮೇಲಿನ ಕೆಲವು ಗ್ರಾಹಕಗಳು ತಾವಾಗಿ ಹಿಡಿದು ಒಳಗೆ ಎಳೆದುಕೊಳ್ಳುತ್ತವೆ, ಬೇರೆ ಕೈ ಅಂಟಿಸುವ ಅಗತ್ಯ ಬರುವುದಿಲ್ಲ. ಗುರಿಯಾಗಿ ಅವರು ಆರಿಸಿದ್ದು ಬಿಸಿಎಲ್2ಎಲ್12 ಎಂಬ ಜೀನನ್ನು. ಕೆಟ್ಟುಹೋದ ಕೋಶ ತಾನಾಗಿ ಸಾಯಬೇಕೆಂಬ ದೇಹದ ಆದೇಶವನ್ನು ಗ್ಲಯೊಬ್ಲಾಸ್ಟೋಮಾದಲ್ಲಿ ಇದು ತಡೆಹಿಡಿಯುತ್ತದೆ. 2013ರಲ್ಲಿ ಇಲಿಗಳಲ್ಲಿ ಈ ಕಣ ರಕ್ತದಿಂದ ಮಿದುಳಿನ ಗೆಡ್ಡೆ ಸೇರಿ, ಜೀನನ್ನು ಕುಗ್ಗಿಸಿ, ಗೆಡ್ಡೆಯ ಬೆಳವಣಿಗೆಯನ್ನೂ ಕುಗ್ಗಿಸಿತು.

ಮನುಷ್ಯರಲ್ಲಿನ ಮೊದಲ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಕಾಯಿಲೆ ಮರಳಿದ್ದ, ಎರಡನೆಯ ಶಸ್ತ್ರಚಿಕಿತ್ಸೆಗೆ ಹೊರಟಿದ್ದ ಎಂಟು ರೋಗಿಗಳಿಗೆ, ಪ್ರಾಣಿಗಳಲ್ಲಿ ತೊಂದರೆ ಕೊಡದ ಪ್ರಮಾಣದ ಐವತ್ತರಲ್ಲಿ ಒಂದು ಭಾಗದಷ್ಟನ್ನು ರಕ್ತನಾಳದ ಮೂಲಕ ಕೊಟ್ಟು, ಒಂದೆರಡು ದಿನಗಳೊಳಗೆ ಗೆಡ್ಡೆ ತೆಗೆದು ಪರೀಕ್ಷಿಸಲಾಯಿತು. ಇದು ಸೊನ್ನೆಯ ಹಂತದ ಪ್ರಯೋಗ. ಇದರಿಂದ ಪಾಲ್ಗೊಂಡವರಿಗೇ ಲಾಭವಾಗುತ್ತದೆ ಎಂಬ ನಿರೀಕ್ಷೆ ಇರುವುದಿಲ್ಲ. ತಮಗೆ ಉಳಿದಿರುವ ಕಾಲ ಎಷ್ಟೆಂದು ತಿಳಿದವರು, ಮುಂದೆ ಬರುವ ಅಪರಿಚಿತರಿಗಾಗಿ ಒಪ್ಪಿದ್ದರು. ಅವರನ್ನು ನೆನೆಯದೆ ಈ ಭಾಗವನ್ನು ದಾಟಲು ನನಗೆ ಮನಸ್ಸು ಬರುವುದಿಲ್ಲ.

ತೆಗೆದ ಗೆಡ್ಡೆಯಲ್ಲಿ ಚಿನ್ನ ಸಿಕ್ಕಿತು. ಆರ್‌ಎನ್‌ಎ ಕರಗಿಹೋದರೂ ಚಿನ್ನ ಕರಗುವುದಿಲ್ಲವಾದ್ದರಿಂದ ಕಣ ಎಲ್ಲೆಲ್ಲಿ ಹೋಗಿತ್ತು ಎಂದು ಅಳೆಯಲು ಸಾಧ್ಯವಾಯಿತು: ಗೆಡ್ಡೆಯ ರಕ್ತನಾಳಗಳ ಗೋಡೆಯಲ್ಲಿ, ಅಲ್ಲಿ ಸೇರಿಕೊಂಡಿದ್ದ ರೋಗನಿರೋಧಕ ಕೋಶಗಳಲ್ಲಿ, ಕ್ಯಾನ್ಸರ್ ಕೋಶಗಳಲ್ಲಿ. ಚಿನ್ನ ಸೇರಿದ್ದ ಕ್ಯಾನ್ಸರ್ ಕೋಶಗಳಲ್ಲಿ ಗುರಿಯ ಪ್ರೋಟೀನ್ ತಗ್ಗಿತ್ತು. ಔಷಧದಿಂದ ಪ್ರಾಣಕ್ಕೆ ಅಪಾಯ ತರುವಂಥ ತೊಂದರೆ ಯಾರಿಗೂ ಕಾಣಿಸಲಿಲ್ಲ. ಆಯುಷ್ಯ ಹೆಚ್ಚಿತೇ ಎಂದು ಹೇಳಲು ಈ ಪ್ರಯೋಗ ಹೊರಟಿರಲಿಲ್ಲ, ಎಂಟು ಜನರಿಂದ ಅದನ್ನು ಹೇಳಲೂ ಆಗದು. ರಕ್ತಕ್ಕೆ ಕೊಟ್ಟ ಕಿರು ಆರ್‌ಎನ್‌ಎ ಮನುಷ್ಯರ ಮಿದುಳಿನ ಗೆಡ್ಡೆಯನ್ನು ಮುಟ್ಟಬಲ್ಲದು ಎಂಬುದನ್ನು ಅದು ತೋರಿಸಿತು. ಮುಟ್ಟುವುದೇ ಇಷ್ಟು ಕಷ್ಟವಾದ ಕೆಲಸದಲ್ಲಿ ಅದು ಸಣ್ಣ ಮಾತಲ್ಲ.

ಒಂದನ್ನು ಮಾತ್ರ ಮರೆಯುವಂತಿಲ್ಲ. ಪ್ರಯೋಗಾಲಯಕ್ಕೆ ಬಂದದ್ದು ಶಸ್ತ್ರಚಿಕಿತ್ಸಕರು ಕತ್ತರಿಸಿ ತೆಗೆದ ಭಾಗ, ಅಂದರೆ ಎಂಆರ್‌ಐಯಲ್ಲಿ ಹೊಳೆದ, ಬಹುಪಾಲು ತಡೆ ಮುರಿದಿದ್ದ ಭಾಗ. ಹೊಳೆಯದ ಅಂಚು ರೋಗಿಗಳ ತಲೆಯೊಳಗೇ ಉಳಿಯಿತು. ಅಲ್ಲಿ ಮಾತು, ನೆನಪುಗಳ ನರಕೋಶಗಳ ನಡುವೆ ತೆವಳಿ ಕೂತಿದ್ದ ಕೋಶಗಳಿಗೂ ಚಿನ್ನ ಮುಟ್ಟಿತ್ತೇ ಎಂದು ತೆಗೆದು ನೋಡುವ ಹಾಗಿರಲಿಲ್ಲ.